ಕಪ್ಪುಕುಳಿ ಎಷ್ಟು ಬಿರುಸಾಗಿ ತಿರುಗುತ್ತಿದೆ? ಕಾಲೇಜಿನ ಕಂಪ್ಯೂಟರಿನಲ್ಲೇ ಅಳೆಯುವ ದಾರಿ

ಪದವಿಯ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕುವ ಹೊತ್ತು ಬಂದಾಗ ಧಾರವಾಡ, ಹುಬ್ಬಳ್ಳಿ, ಗದಗದ ಭೌತಶಾಸ್ತ್ರ ವಿಭಾಗಗಳಲ್ಲಿ ಒಬ್ಬರಾದರೂ ಕೇಳುತ್ತಾರೆ: "ಸರ್, ಬ್ಲ್ಯಾಕ್ ಹೋಲ್ ಮೇಲೆ ಏನಾದರೂ ಮಾಡಬಹುದೇ?" ಒಂದೋ "ಅದೆಲ್ಲ ನಮ್ಮಲ್ಲಿ ಆಗುವುದಿಲ್ಲಪ್ಪ" ಎಂಬ ಉತ್ತರ ಸಿಗುತ್ತದೆ, ಇಲ್ಲವೇ ಅಲ್ಲಿ ಇಲ್ಲಿ ಇಳಿಸಿಕೊಂಡ ಚಿತ್ರಗಳನ್ನು ಅಂಟಿಸಿದ ದಪ್ಪ ವರದಿಯೊಂದು ತಯಾರಾಗುತ್ತದೆ. ಇವೆರಡಕ್ಕಿಂತ ಒಳ್ಳೆಯ ದಾರಿ ಇದೆ. ಅಮೆರಿಕದ ಲೈಗೋ ಮತ್ತು ಇಟಲಿಯ ವರ್ಗೋ ಶೋಧಕಗಳು ಹಿಡಿದ ಗುರುತ್ವ ಅಲೆಗಳ, ಅಂದರೆ ಭಾರಿ ವಸ್ತುಗಳು ಸುತ್ತಿ ಕೂಡುವಾಗ ದೇಶಕಾಲದಲ್ಲಿ ಏಳುವ ಕಂಪನಗಳ ದತ್ತಾಂಶ ಎಲ್ಲರಿಗೂ ಮುಕ್ತವಾಗಿದೆ. ಅದರಿಂದ ಕಪ್ಪುಕುಳಿಯ ಸ್ಪಿನ್ (ಗಿರಕಿಯ ಬಿರುಸು) ಅಳೆಯಲು ಬೇಕಾದ ತಂತ್ರಾಂಶಕ್ಕೆ ಕಾಸು ಕೊಡಬೇಕಾಗಿಲ್ಲ. ಗಣಿತದ ಮೊದಲ ಸುತ್ತಿಗೆ ಕ್ಯಾಲ್ಕುಲೇಟರ್ ಸಾಕು.

ಸಂಖ್ಯೆ ಪಡೆಯುವುದು ಇಲ್ಲಿ ಸುಲಭದ ಭಾಗ. ಆ ಸಂಖ್ಯೆ ಯಾವ ಕುಳಿಯದು, ಎಷ್ಟು ಅಗಲದ ಅನಿಶ್ಚಿತತೆಯನ್ನು ಹೊತ್ತಿದೆ, ಅದರಲ್ಲಿ ಅಲೆ ಹೇಳಿದ್ದೆಷ್ಟು ಮತ್ತು ನಾವೇ ಮೊದಲು ತುಂಬಿದ್ದೆಷ್ಟು ಎಂದು ಬಿಡಿಸಿ ಹೇಳುವುದರಲ್ಲೇ ಪ್ರಾಜೆಕ್ಟಿನ ಜೀವ ಇದೆ. ಈ ಮಾರ್ಗದರ್ಶಿಯ ಹೆಚ್ಚಿನ ಜಾಗವೂ ಅದಕ್ಕೇ ಹೋಗುತ್ತದೆ.

ಬೇಕಾಗುವ ಸಾಮಾನು

ಸಾಧಾರಣ ಲ್ಯಾಪ್‌ಟಾಪ್ ಅಥವಾ ಕಾಲೇಜಿನ ಪ್ರಯೋಗಾಲಯದ ಕಂಪ್ಯೂಟರ್, ಇಂಟರ್‌ನೆಟ್, ಗೂಗಲ್ ಕೊಲ್ಯಾಬ್ ತೆರೆಯಲು ಒಂದು ಖಾತೆ. ಪೈಥಾನ್ ಭಾಷೆಯಲ್ಲಿ ಲೂಪ್ ಬರೆದು ನಕ್ಷೆ ಎಳೆಯುವಷ್ಟು ರೂಢಿ. ಪೈಥಾನ್‌ನ ಮೂರು ಪ್ಯಾಕೇಜುಗಳನ್ನು ಹಾಕಿಕೊಳ್ಳಿ: ದತ್ತಾಂಶ ಇಳಿಸಿ ನೋಡಲು ಜಿಡಬ್ಲ್ಯುಪೈ, ಮಾದರಿ ಅಲೆಗಳನ್ನು ತಯಾರಿಸಲು ಪೈಸಿಬಿಸಿ, ಕೊನೆಯ ಹಂತಕ್ಕೆ ಬಿಲ್ಬಿ. ಮೊಬೈಲ್ ಡೇಟಾದ ಮೇಲೆ ಕೆಲಸ ಮಾಡುವವರು ಚಿಂತಿಸಬೇಕಿಲ್ಲ. ಕೊಲ್ಯಾಬ್‌ನಲ್ಲಿ ಕಡತಗಳು ಇಳಿಯುವುದು ಗೂಗಲ್‌ನ ಯಂತ್ರಕ್ಕೆ, ನಿಮ್ಮ ಫೋನಿಗೆ ಅಲ್ಲ.

ಸ್ಪಿನ್ ಎಂದರೆ ಯಾವ ಸಂಖ್ಯೆ?

ಕಪ್ಪುಕುಳಿಗೆ ಗಟ್ಟಿ ಮೇಲ್ಮೈ ಇಲ್ಲ. ಆದ್ದರಿಂದ ನಿಮಿಷಕ್ಕೆ ಎಷ್ಟು ಸುತ್ತು ಎಂದು ಎಣಿಸುವ ಮಾತು ಇಲ್ಲಿ ನಡೆಯದು. ಅದರ ಕೋನೀಯ ಸಂವೇಗವನ್ನು ಬೆಳಕಿನ ವೇಗದಿಂದ ಗುಣಿಸಿ. ಬಂದದ್ದನ್ನು ಗುರುತ್ವ ಸ್ಥಿರಾಂಕ ಮತ್ತು ದ್ರವ್ಯರಾಶಿಯ ವರ್ಗದ ಗುಣಲಬ್ಧದಿಂದ ಭಾಗಿಸಿ. ಸಿಗುವ ಸಂಖ್ಯೆಗೆ ಏಕಮಾನವಿಲ್ಲ. ರಾಯ್ ಕೆರ್ 1963ರಲ್ಲಿ ಕಂಡುಕೊಂಡ ಪರಿಹಾರದ ಪ್ರಕಾರ ಕಪ್ಪುಕುಳಿಗೆ ಇದು 0 ಮತ್ತು 1ರ ನಡುವೆ ಇರಬೇಕು. 0 ಎಂದರೆ ತಿರುಗುತ್ತಿಲ್ಲ, 1 ಎಂದರೆ ಇನ್ನು ಮೇಲೆ ಹೋಗುವಂತಿಲ್ಲ.

ಮುಂದೆ ಹೋಗುವ ಮೊದಲು ಇದೇ ಲೆಕ್ಕವನ್ನು ಭೂಮಿಗೆ ಮಾಡಿ ನೋಡಿ. ಭೂಮಿಯ ಕೋನೀಯ ಸಂವೇಗ ಪಠ್ಯಪುಸ್ತಕದಲ್ಲೇ ಸಿಗುತ್ತದೆ. ಉತ್ತರ 700 ದಾಟುತ್ತದೆ! ಸೂರ್ಯನಿಗೆ ಸುಮಾರು 0.2. ಅಂದರೆ ಭೂಮಿಯನ್ನು ಹಿಂಡಿ ಕಪ್ಪುಕುಳಿ ಮಾಡಬೇಕೆಂದರೆ ಅದರ ಗಿರಕಿಯ ಬಹುಪಾಲನ್ನು ಮೊದಲು ಎಲ್ಲಾದರೂ ಚೆಲ್ಲಬೇಕು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಇದನ್ನು ಕೇಳಿದರೆ ಉತ್ತರ ಕೈಯಲ್ಲಿರಲಿ.

ಎರಡು ಕಪ್ಪುಕುಳಿಗಳು ಸುತ್ತುತ್ತ ಬಂದು ಕೂಡಿ ಒಂದಾಗುವ ಘಟನೆಯಲ್ಲಿ ಮೂರು ಸ್ಪಿನ್‌ಗಳಿವೆ. ಮೂಲ ಕುಳಿಗಳವು ಎರಡು, ಕೂಡಿದ ಮೇಲೆ ಹುಟ್ಟಿದ ಹೊಸ ಕುಳಿಯದು ಒಂದು. ಪತ್ರಿಕೆಗಳಲ್ಲಿ "ಕಪ್ಪುಕುಳಿಯ ಸ್ಪಿನ್ ಅಳೆದರು" ಎಂದು ಓದಿದಾಗಲೆಲ್ಲ ಈ ಮೂರರಲ್ಲಿ ಯಾವುದು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಘಟನೆಯ ಆಯ್ಕೆ

ಮೊದಲ ಸಲ ಮಾಡುವವರು ಜಿಡಬ್ಲ್ಯು150914 ಹಿಡಿಯಿರಿ. ಹೆಸರಿನಲ್ಲೇ ದಿನಾಂಕ ಇದೆ: 2015ರ ಸೆಪ್ಟೆಂಬರ್ 14, ಸೋಮವಾರ. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆ 20 ನಿಮಿಷ 45 ಸೆಕೆಂಡು. ಆ ವರ್ಷದ ಗಣೇಶ ಚತುರ್ಥಿಗೆ ಮೂರು ದಿನ ಬಾಕಿ ಇತ್ತು. ಹುಬ್ಬಳ್ಳಿಯಲ್ಲಿ ಮಂಟಪಗಳು ಏಳುತ್ತಿದ್ದ ಹೊತ್ತು. ಅಲೆ ಇಡೀ ಭೂಮಿಯನ್ನು ಹಾಯ್ದು ಹೋದದ್ದರಿಂದ ನಮ್ಮೂರಿನ ಮೂಲಕವೂ ಹೋಯಿತು, ಯಾರಿಗೂ ಗೊತ್ತಾಗಲಿಲ್ಲ. ಸೂರ್ಯನ ಸುಮಾರು 36 ಮತ್ತು 29 ಪಟ್ಟು ತೂಗುವ ಎರಡು ಕುಳಿಗಳು ಕೂಡಿ 62 ಪಟ್ಟಿನ ಒಂದು ಕುಳಿಯಾದವು. ಉಳಿದ ಮೂರು ಸೂರ್ಯರಷ್ಟು ದ್ರವ್ಯ ಅಲೆಗಳ ಶಕ್ತಿಯಾಗಿ ಹೊರಟುಹೋಯಿತು.

ಈ ಘಟನೆಯನ್ನೇ ಆರಿಸಲು ಕಾರಣ ಅದರ ಚರಿತ್ರೆಯಲ್ಲ. ಅಲೆ ಗಟ್ಟಿಯಾಗಿದೆ, ಕಣ್ಣಿಗೆ ಕಾಣುತ್ತದೆ, ಅಭ್ಯಾಸದ ಕಡತಗಳೆಲ್ಲ ಇದರ ಮೇಲೇ ಇವೆ. ಎರಡನೆಯ ಸುತ್ತಿಗೆ 2015ರ ಡಿಸೆಂಬರ್ 26ರ ಜಿಡಬ್ಲ್ಯು151226 ಮತ್ತು 2019ರ ಆಗಸ್ಟ್ 14ರ ಜಿಡಬ್ಲ್ಯು190814 ಇಟ್ಟುಕೊಳ್ಳಿ. ಏಕೆ ಎಂಬುದು ಮುಂದೆ ತಿಳಿಯುತ್ತದೆ.

ದತ್ತಾಂಶ ಇಳಿಸಿ ಗದ್ದಲ ಸೋಸುವುದು

ಗ್ರ್ಯಾವಿಟೇಷನಲ್ ವೇವ್ ಓಪನ್ ಸೈನ್ಸ್ ಸೆಂಟರ್ ಎಂಬ ಜಾಲತಾಣದಲ್ಲಿ ಘಟನೆಯ ಪುಟ ತೆರೆದು, ಲೈಗೋದ ಹ್ಯಾನ್‌ಫೋರ್ಡ್ ಮತ್ತು ಲಿವಿಂಗ್‌ಸ್ಟನ್ ಎರಡೂ ಶೋಧಕಗಳ 32 ಸೆಕೆಂಡಿನ ಕಡತ ಆರಿಸಿ. ಸೆಕೆಂಡಿಗೆ 4096 ಬಿಂದುಗಳ ಕಡತ ನಮಗೆ ಸಾಕು. ಜಿಡಬ್ಲ್ಯುಪೈ ಮೂಲಕ ತರುವುದಾದರೆ ಘಟನೆಯ ಜಿಪಿಎಸ್ ಸಮಯ (ಸೆಕೆಂಡುಗಳ ಎಣಿಕೆ) 1126259462 ಎಂದು ಕೊಟ್ಟು, ಅದರ ಹಿಂದೆ ಮುಂದೆ ಹದಿನಾರು ಸೆಕೆಂಡು ಕೇಳಿ.

ನೇರವಾಗಿ ನಕ್ಷೆ ಎಳೆದರೆ ಏನೂ ಕಾಣುವುದಿಲ್ಲ. ಕಡಿಮೆ ಆವೃತ್ತಿಯ ನೆಲದ ನಡುಕ ಎಲ್ಲವನ್ನೂ ನುಂಗಿರುತ್ತದೆ. ಮೊದಲು ವೈಟನಿಂಗ್ ಮಾಡಿ. ಯಾವ ಆವೃತ್ತಿಯಲ್ಲಿ ಗದ್ದಲ ಹೆಚ್ಚೋ ಅಲ್ಲಿನ ದನಿಯನ್ನು ಅಷ್ಟೇ ತಗ್ಗಿಸುವ ಕೆಲಸ ಅದು. ಆಮೇಲೆ 35ರಿಂದ 350 ಹರ್ಟ್ಸ್ ಮಾತ್ರ ಉಳಿಸಿಕೊಳ್ಳಿ. ವಿದ್ಯುತ್ ಜಾಲದ ಗುಂಯ್‌ಗುಡುವಿಕೆಯನ್ನು ಕತ್ತರಿಸುವಾಗ ನೆನಪಿಡಿ, ಹುಬ್ಬಳ್ಳಿಯ ಗೋಡೆಯ ಪ್ಲಗ್ಗಿನಲ್ಲಿ ಬರುವುದು 50 ಹರ್ಟ್ಸ್, ಅಮೆರಿಕದ ಜಾಲದಲ್ಲಿ 60. ಲೈಗೋ ದತ್ತಾಂಶದಲ್ಲಿ ತೆಗೆಯಬೇಕಾದದ್ದು 60, 120, 180. ಅಭ್ಯಾಸಬಲದಿಂದ 50 ಎಂದು ಬರೆದು, ಗೆರೆ ಹೋಗಲಿಲ್ಲವೆಂದು ತಲೆ ಕೆಡಿಸಿಕೊಳ್ಳುವವರು ಇದ್ದಾರೆ.

ಸೋಸಿದ ಮೇಲೆ 0.2 ಸೆಕೆಂಡಿನೊಳಗೆ ಆವೃತ್ತಿಯೂ ಎತ್ತರವೂ ಏರುತ್ತ ಹೋಗಿ ಥಟ್ಟನೆ ಆರಿಹೋಗುವ ಅಲೆ ಕಾಣುತ್ತದೆ. ಲಿವಿಂಗ್‌ಸ್ಟನ್‌ಗೆ ಮೊದಲು ಬಂತು, 6.9 ಮಿಲಿಸೆಕೆಂಡಿನ ನಂತರ ಹ್ಯಾನ್‌ಫೋರ್ಡ್‌ಗೆ. ಒಂದನ್ನು ಅಷ್ಟು ಸರಿಸಿ, ತಲೆಕೆಳಗು ಮಾಡಿ, ಇನ್ನೊಂದರ ಮೇಲೆ ಇಟ್ಟರೆ ಎರಡೂ ಕೂಡಿಕೊಳ್ಳಬೇಕು. ಕೂಡದಿದ್ದರೆ ಮುಂದೆ ಹೋಗಬೇಡಿ, ಸೋಸುವಿಕೆಯಲ್ಲಿ ಏನೋ ತಪ್ಪಿದೆ.

ಮೊದಲ ಅಳತೆ: ಹೊಸ ಕುಳಿಯ ಸ್ಪಿನ್, ಕೈಲೆಕ್ಕದಲ್ಲಿ

ಇದು ನನಗೆ ಅತ್ಯಂತ ಇಷ್ಟದ ಹಂತ. ಅದಕ್ಕೆ ಒಂದು ಕಾರಣ ಸಿ. ವಿ. ವಿಶ್ವೇಶ್ವರ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಈ ಕನ್ನಡಿಗರು 1970ರಲ್ಲಿ, ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿದ್ದಾಗ, ಕಲಕಿದ ಕಪ್ಪುಕುಳಿ ತನ್ನದೇ ಆದ ಆವೃತ್ತಿಯಲ್ಲಿ ಮಿಡಿದು ಬೇಗನೆ ಶಾಂತವಾಗುತ್ತದೆ ಎಂದು ಲೆಕ್ಕದಲ್ಲಿ ತೋರಿಸಿದರು. ಆಗ ಕಪ್ಪುಕುಳಿಗಳು ಇವೆಯೋ ಇಲ್ಲವೋ ಎಂಬುದೇ ಚರ್ಚೆಯ ವಿಷಯವಾಗಿತ್ತು. ಮುಂದೆ ಅವರು ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾದರು. ತಮ್ಮ ಲೆಕ್ಕದ ಮಿಡಿತ ನಿಜವಾದ ಅಲೆಯಲ್ಲಿ ಕಂಡದ್ದನ್ನು ನೋಡಿಯೇ 2017ರ ಜನವರಿಯಲ್ಲಿ ತೀರಿಕೊಂಡರು. ನಿಮ್ಮ ವರದಿಯ ಮುನ್ನುಡಿಯಲ್ಲಿ ಐನ್‌ಸ್ಟೈನ್ ಚಿತ್ರದ ಪಕ್ಕ ಇವರಿಗೂ ಜಾಗ ಇರಲಿ.

ಲೆಕ್ಕ ಹೀಗೆ. ಕೂಡಿದ ನಂತರದ ಅಲೆಯಿಂದ ಎರಡು ಸಂಖ್ಯೆ ಬೇಕು: ಆವೃತ್ತಿ ಮತ್ತು ಆರುವ ಕಾಲ. ಎತ್ತರ ಸುಮಾರು ಶೇ. 37ಕ್ಕೆ ಇಳಿಯಲು ತಗಲುವ ಅವಧಿಯೇ ಆರುವ ಕಾಲ. ಪ್ರಯೋಗಾಲಯದಲ್ಲಿ ಬ್ಯಾಲಿಸ್ಟಿಕ್ ಗ್ಯಾಲ್ವನೋಮೀಟರ್‌ನ ಲಾಗರಿದಮಿಕ್ ಡಿಕ್ರಿಮೆಂಟ್ ತೆಗೆದವರಿಗೆ ಇದು ಹೊಸದಲ್ಲ. ಜಿಡಬ್ಲ್ಯು150914ಕ್ಕೆ ಆವೃತ್ತಿ 250 ಹರ್ಟ್ಸ್ ಹತ್ತಿರ ಬರುತ್ತದೆ. ಹಾರ್ಮೋನಿಯಂನಲ್ಲಿ ಮಧ್ಯ ಸಪ್ತಕದ ಬಿಳಿ ಒಂದಕ್ಕಿಂತ ತುಸು ಕೆಳಗಿನ ಸ್ವರ. ಆರುವ ಕಾಲ ಸುಮಾರು 4 ಮಿಲಿಸೆಕೆಂಡು.

ಈಗ ಆವೃತ್ತಿ, ಆರುವ ಕಾಲ ಮತ್ತು ಪೈ ಮೂರನ್ನೂ ಗುಣಿಸಿ: 3.14 × 250 × 0.004, ಅಂದರೆ 3.14. ಇದಕ್ಕೆ ಗುಣಾಂಕ ಎನ್ನೋಣ. ತಿರುಗುವ ಕಪ್ಪುಕುಳಿಯ ಸಮೀಕರಣಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಫಲಿತಾಂಶಕ್ಕೆ ಹೊಂದುವಂತೆ ಬರ್ಟಿ, ಕಾರ್ಡೊಸೊ ಮತ್ತು ವಿಲ್ 2006ರಲ್ಲಿ ಒಂದು ಸರಳ ಸೂತ್ರ ಕೊಟ್ಟಿದ್ದಾರೆ. ಅದನ್ನು ತಿರುಗಿಸಿ ಬರೆದರೆ, ಗುಣಾಂಕದಿಂದ 0.7 ಕಳೆಯಿರಿ, 1.4187ನ್ನು ಆ ಶೇಷದಿಂದ ಭಾಗಿಸಿ. ಬಂದದ್ದನ್ನು ವರ್ಗ ಮಾಡಿ. ಆ ವರ್ಗವನ್ನು 1ರಿಂದ ಕಳೆಯಿರಿ. ಉಳಿದದ್ದೇ ಸ್ಪಿನ್. ಮೂಲ ಸೂತ್ರದಲ್ಲಿ ಘಾತ 0.499, ಅದನ್ನು ಅರ್ಧವೆಂದು ಹಿಡಿದಿದ್ದೇವೆ, ನಮ್ಮ ಕೆಲಸಕ್ಕೆ ಅಡ್ಡಿಯಿಲ್ಲ.

3.14ರಿಂದ 0.7 ಕಳೆದರೆ 2.44. 1.4187ನ್ನು ಅದರಿಂದ ಭಾಗಿಸಿದರೆ 0.581. ವರ್ಗ 0.338. ಸ್ಪಿನ್ 0.66.

ಲೈಗೋ ತಂಡ ಇಡೀ ಅಲೆಯನ್ನು ವಿಶ್ಲೇಷಿಸಿ ಪ್ರಕಟಿಸಿದ ಮೊದಲ ಬೆಲೆ 0.67! ಇಲ್ಲಿ ಒಂದು ಸೊಗಸು ಗಮನಿಸಿ. ಗುಣಾಂಕದಲ್ಲಿ ದ್ರವ್ಯರಾಶಿ ಇಲ್ಲವೇ ಇಲ್ಲ. ಕುಳಿ ದೊಡ್ಡದಾದರೆ ಆವೃತ್ತಿ ಇಳಿಯುತ್ತದೆ, ಆರುವ ಕಾಲ ಅಷ್ಟೇ ಏರುತ್ತದೆ, ಗುಣಲಬ್ಧ ಹಾಗೆಯೇ ಉಳಿಯುತ್ತದೆ. ಹೀಗಾಗಿ ತೂಕ ಗೊತ್ತಿಲ್ಲದೆಯೇ ಗಿರಕಿ ಸಿಕ್ಕಿತು. ಸ್ಪಿನ್ ಸಿಕ್ಕ ಮೇಲೆ ತೂಕ: 1ರಿಂದ ಸ್ಪಿನ್ ಕಳೆದು (0.338) 0.1292 ಘಾತಕ್ಕೆ ಏರಿಸಿ, 1.1568ರಿಂದ ಗುಣಿಸಿ, 1.5251ರಿಂದ ಕಳೆಯಿರಿ. 0.52 ಬರುತ್ತದೆ. ಅದನ್ನು 32300ರಿಂದ ಗುಣಿಸಿ 250ರಿಂದ ಭಾಗಿಸಿದರೆ ಸುಮಾರು 67 ಸೂರ್ಯರು. ವಿಶ್ವ ಹಿಗ್ಗುತ್ತಿರುವುದರಿಂದ ಅಲೆ ದಾರಿಯಲ್ಲಿ 1.09 ಪಟ್ಟು ಹಿಗ್ಗಿದೆ. ಅದರಿಂದ ಭಾಗಿಸಿದರೆ 62ರ ಹತ್ತಿರ. ಕ್ಯಾಲ್ಕುಲೇಟರಿನಿಂದ!

ಇಷ್ಟಕ್ಕೇ ವರದಿ ಮುಗಿಸುವ ಆಸೆ ಬರುತ್ತದೆ. ತಡೆಯಿರಿ. ಆರುವ ಕಾಲವನ್ನು 4ರ ಬದಲು 3 ಮಿಲಿಸೆಕೆಂಡು ಎಂದು ಹಾಕಿ ಅದೇ ಲೆಕ್ಕ ಮಾಡಿ. ಸ್ಪಿನ್ 0.27ಕ್ಕೆ ಬೀಳುತ್ತದೆ. 5 ಎಂದು ಹಾಕಿದರೆ 0.81. ಒಂದು ಮಿಲಿಸೆಕೆಂಡಿನ ಅನುಮಾನಕ್ಕೆ ಇಷ್ಟೊಂದು ಜಿಗಿತ. ಆವೃತ್ತಿ 250 ಎಂದರೆ ಒಂದು ಆವರ್ತಕ್ಕೆ 4 ಮಿಲಿಸೆಕೆಂಡು, ಅಷ್ಟರಲ್ಲಿ ಎತ್ತರ ಮೂರನೆಯ ಒಂದು ಭಾಗದ ಆಸುಪಾಸಿಗೆ ಬಂದಿರುತ್ತದೆ. ಎರಡನೆಯ ಶಿಖರ ಕಂಡರೆ ಹೆಚ್ಚು, ಮೂರನೆಯದು ಗದ್ದಲದಲ್ಲಿ ಮುಳುಗಿರುತ್ತದೆ. ಇದಲ್ಲದೆ ವೈಟನಿಂಗ್ ಮತ್ತು ಸೋಸುವಿಕೆ ಅಲೆಯ ಬಾಲವನ್ನು ಕೊಂಚ ಎಳೆದಿರುತ್ತವೆ. ಆದ್ದರಿಂದ ಸೋಸಿದ ನಕ್ಷೆಯ ಮೇಲೆ ಅಡ್ಡಪಟ್ಟಿ ಇಟ್ಟು ಆರುವ ಕಾಲ ಅಳೆಯುವಂತಿಲ್ಲ. ಆರುತ್ತ ಹೋಗುವ ಒಂದು ಸೈನ್ ಅಲೆಯನ್ನು ನೀವೇ ತಯಾರಿಸಿ, ಅದನ್ನೂ ಅದೇ ಸೋಸುವಿಕೆಗೆ ಒಡ್ಡಿ, ಆಮೇಲೆ ದತ್ತಾಂಶದೊಡನೆ ಹೋಲಿಸಿ. ಆವೃತ್ತಿ ಮತ್ತು ಆರುವ ಕಾಲಗಳ ಬೇರೆ ಬೇರೆ ಜೋಡಿಗಳಿಗೆ ಇದನ್ನು ಲೂಪ್‌ನಲ್ಲಿ ಓಡಿಸಿದರೆ, ಯಾವ ಜೋಡಿಗಳು ಒಪ್ಪುತ್ತವೆ ಎಂಬ ನಕ್ಷೆಯೇ ಸಿಗುತ್ತದೆ.

ಇನ್ನೊಂದು ತೊಡಕು ಎಲ್ಲಿಂದ ಎಣಿಸಬೇಕೆಂಬುದು. ಅಲೆಯ ಎತ್ತರ ತುತ್ತತುದಿ ಮುಟ್ಟಿದ ಶಿಖರದಿಂದಲೇ ಶುರು ಮಾಡಿದರೆ ಹೊಸ ಕುಳಿ ಇನ್ನೂ ಕಲಕಿದ ಸ್ಥಿತಿಯಲ್ಲಿದೆ, ಒಂದೇ ಸ್ವರದ ಸೂತ್ರ ಹೊಂದದು. ತಡಮಾಡಿ ಶುರು ಮಾಡಿದರೆ ಅಲೆಯೇ ಉಳಿದಿರುವುದಿಲ್ಲ. ಈ ಒಂದೆರಡು ಮಿಲಿಸೆಕೆಂಡಿಗಾಗಿ ಸಂಶೋಧಕರ ಗುಂಪುಗಳು ವರ್ಷಗಟ್ಟಲೆ ವಾದಿಸಿವೆ. ಶಿಖರದ ನಂತರ 1, 3, 5 ಮಿಲಿಸೆಕೆಂಡು ಎಂದು ಮೂರು ಆರಂಭಗಳಿಗೂ ಫಲಿತಾಂಶ ಬರೆಯಿರಿ. ಸ್ಪಿನ್ ಹೇಗೆ ಓಡಾಡುತ್ತದೆ ಎಂಬ ಆ ಪುಟ್ಟ ಕೋಷ್ಟಕ ನಿಮ್ಮ ವರದಿಯ ಬೆಲೆಬಾಳುವ ಪುಟವಾಗುತ್ತದೆ. 2025ರ ಜನವರಿ 14ರ ಜಿಡಬ್ಲ್ಯು250114 ಇದೇ ತೂಕದ ಕುಳಿಗಳ ಘಟನೆ. ಆದರೆ ಸಂಕೇತ ಮತ್ತು ಗದ್ದಲದ ಅನುಪಾತ 24ರ ಬದಲು 80ರ ಹತ್ತಿರ. ಅದರಲ್ಲಿ ಒಂದಕ್ಕಿಂತ ಹೆಚ್ಚು ಸ್ವರಗಳನ್ನು ಬೇರ್ಪಡಿಸಲು ಸಾಧ್ಯವಾಗಿದೆ. ಹೊಸ ಕುಳಿಯ ಸ್ಪಿನ್ ಅಲ್ಲಿ 0.68.

0.7 ನೋಡಿ ಹಿಗ್ಗಬೇಡಿ

ಲೈಗೋ-ವರ್ಗೋ ಪಟ್ಟಿಯಲ್ಲಿರುವ ಬಹುಪಾಲು ಘಟನೆಗಳಲ್ಲಿ ಹೊಸ ಕುಳಿಯ ಸ್ಪಿನ್ 0.7ರ ಆಸುಪಾಸಿನಲ್ಲೇ ಇದೆ. ಇದರಲ್ಲಿ ಪವಾಡವಿಲ್ಲ. ಒಂದೇ ತೂಕದ, ಸ್ವಲ್ಪವೂ ತಿರುಗದ ಎರಡು ಕುಳಿಗಳು ಕೂಡಿದರೂ ಹುಟ್ಟುವ ಕುಳಿಯ ಸ್ಪಿನ್ 0.69 ಎಂದು ಸೂಪರ್ ಕಂಪ್ಯೂಟರ್ ಲೆಕ್ಕಗಳು ಹೇಳುತ್ತವೆ. ಒಂದನ್ನೊಂದು ಸುತ್ತುತ್ತಿದ್ದಾಗಿನ ಕೋನೀಯ ಸಂವೇಗವೇ ಕೊನೆಗೆ ಹೊಸ ಕುಳಿಯ ಗಿರಕಿಯಾಗುತ್ತದೆ. ಹೀಗಾಗಿ ಹೊಸ ಕುಳಿಯ ಸ್ಪಿನ್ ಚೆನ್ನಾಗಿ ಗೊತ್ತಿದ್ದರೂ ಅದರಿಂದ ಮೂಲ ಕುಳಿಗಳ ಸ್ಪಿನ್ ಬಗ್ಗೆ ತಿಳಿಯುವುದು ಸ್ವಲ್ಪವೇ. ನಕ್ಷತ್ರಗಳು ಹೇಗೆ ಸತ್ತವು, ಈ ಜೋಡಿ ಹೇಗೆ ಕೂಡಿಬಂತು ಎಂಬ ಕುತೂಹಲವಿರುವವರಿಗೆ ಬೇಕಾದದ್ದು ಮೂಲ ಕುಳಿಗಳ ಸ್ಪಿನ್. ಅದು ಅಷ್ಟು ಸುಲಭಕ್ಕೆ ಕೈಗೆ ಸಿಗುವುದಿಲ್ಲ.

ಎರಡನೆಯ ಅಳತೆ: ಕೂಡುವ ಮುಂಚಿನ ಸ್ಪಿನ್‌ಗಳು

ಅಲೆಗೆ ಎರಡು ಸ್ಪಿನ್‌ಗಳೂ ಬಿಡಿಬಿಡಿಯಾಗಿ ಕಾಣುವುದಿಲ್ಲ. ಅದಕ್ಕೆ ಚೆನ್ನಾಗಿ ಕಾಣುವುದು ಅವುಗಳ ಒಂದು ಸರಾಸರಿ. ಪ್ರತಿ ಕುಳಿಯ ಸ್ಪಿನ್‌ನಲ್ಲಿ ಕಕ್ಷೆಯ ಅಕ್ಷದ ಗುಂಟ ಇರುವ ಭಾಗವನ್ನಷ್ಟೇ ತೆಗೆದುಕೊಂಡು, ಅದರದರ ತೂಕದಿಂದ ಗುಣಿಸಿ, ಕೂಡಿಸಿ, ಒಟ್ಟು ತೂಕದಿಂದ ಭಾಗಿಸಬೇಕು. ಇದನ್ನು ಪರಿಣಾಮಿ ಸ್ಪಿನ್ ಎನ್ನೋಣ. ಕಕ್ಷೆಯ ದಿಕ್ಕಿನಲ್ಲೇ ತಿರುಗಿದರೆ ಧನ, ಎದುರು ದಿಕ್ಕಿನಲ್ಲಾದರೆ ಋಣ. ಧನವಾದರೆ ಕುಳಿಗಳು ಕೂಡುವ ಮೊದಲು ಹೆಚ್ಚು ಹೊತ್ತು ಸುತ್ತುತ್ತವೆ, ಹೆಚ್ಚು ಹತ್ತಿರ ಬರುತ್ತವೆ. ಋಣವಾದರೆ ಬೇಗ ಬಿದ್ದು ಒಂದಾಗುತ್ತವೆ. ಅಲೆಯ ಉದ್ದದಲ್ಲಿ ಈ ಗುರುತು ಉಳಿಯುತ್ತದೆ.

ಸರಾಸರಿಯೊಳಗಿನ ಮೋಸ ನೋಡಿ. 36 ಸೂರ್ಯರ ಕುಳಿ 0.3 ಸ್ಪಿನ್‌ನಿಂದ ಕಕ್ಷೆಯ ದಿಕ್ಕಿನಲ್ಲಿ, 29 ಸೂರ್ಯರದ್ದು 0.4 ಸ್ಪಿನ್‌ನಿಂದ ಎದುರು ದಿಕ್ಕಿನಲ್ಲಿ ತಿರುಗುತ್ತಿವೆ ಎನ್ನಿ. 10.8ರಿಂದ 11.6 ಕಳೆದು 65ರಿಂದ ಭಾಗಿಸಿದರೆ −0.01. ಎರಡೂ ಕುಳಿಗಳು ತಕ್ಕಮಟ್ಟಿಗೆ ತಿರುಗುತ್ತಿವೆ, ಉತ್ತರ ಮಾತ್ರ ಸೊನ್ನೆಗೆ ಅಂಟಿದೆ. ಜಿಡಬ್ಲ್ಯು150914ಕ್ಕೆ ಪ್ರಕಟವಾದ ಪರಿಣಾಮಿ ಸ್ಪಿನ್ −0.01, ಮೇಲಕ್ಕೆ 0.12, ಕೆಳಕ್ಕೆ 0.13 ಅನಿಶ್ಚಿತತೆ. ಈ ಸೊನ್ನೆಯನ್ನು ನೋಡಿ "ಕುಳಿಗಳು ತಿರುಗುತ್ತಿರಲಿಲ್ಲ" ಎಂದು ಬರೆದರೆ ಅಂಕ ಹೋಗುತ್ತದೆ, ಹೋಗಲೇಬೇಕು. ಬಿರುಸಾಗಿ, ಕಕ್ಷೆಗೆ ಸರಿಸಾಲಾಗಿ ತಿರುಗುತ್ತಿರಲಿಲ್ಲ ಎಂದಷ್ಟೇ ಹೇಳಬಹುದು.

ಮತ್ತೊಂದು ಗೋಜಲು: ತೂಕಗಳ ಅನುಪಾತ ಬದಲಾದರೂ ಅಲೆಯ ಉದ್ದ ಬದಲಾಗುತ್ತದೆ. ಸ್ಪಿನ್ ಸ್ವಲ್ಪ ಹೆಚ್ಚಿಸಿ ಅನುಪಾತ ಸ್ವಲ್ಪ ಓರೆ ಮಾಡಿದರೆ ಹೆಚ್ಚುಕಡಿಮೆ ಅದೇ ಅಲೆ ಸಿಗುತ್ತದೆ. ಆದ್ದರಿಂದ ಎರಡನ್ನೂ ಒಂದೇ ನಕ್ಷೆಯಲ್ಲಿ, ಒಂದು ಅಡ್ಡಕ್ಕೆ ಒಂದು ಉದ್ದಕ್ಕೆ ಇಟ್ಟು ನೋಡದೆ ಸ್ಪಿನ್ ಬಗ್ಗೆ ಮಾತನಾಡಬಾರದು.

ಸ್ಯಾಂಪಲ್ ಕಡತ ಓದುವ ಬಗೆ

ಲೈಗೋ-ವರ್ಗೋ ತಂಡ ತನ್ನ ವಿಶ್ಲೇಷಣೆಯ ಫಲಿತಾಂಶವನ್ನು ಸಾವಿರಾರು ಸಾಲುಗಳ ಕಡತವಾಗಿ ಝೆನೊಡೊ ತಾಣದಲ್ಲಿ ಇಟ್ಟಿದೆ. ಪ್ರತಿ ಸಾಲೂ ಅಲೆಗೆ ಹೊಂದಬಲ್ಲ ಒಂದು ಸಾಧ್ಯತೆ: ಇಷ್ಟು ತೂಕ, ಇಷ್ಟು ಸ್ಪಿನ್, ಇಷ್ಟು ದೂರ. ಜಿಡಬ್ಲ್ಯುಟಿಸಿ-2.1 ಎಂಬ ಸಂಗ್ರಹದಲ್ಲಿ 2015ರ ಘಟನೆಗಳೂ ಇವೆ. ಪರಿಣಾಮಿ ಸ್ಪಿನ್‌ನ ಕಂಬಸಾಲು ತೆಗೆದು ಹಿಸ್ಟೋಗ್ರಾಮ್ ಎಳೆಯಿರಿ. ಮಧ್ಯದ ಬೆಲೆ, ಶೇ. 5 ಮತ್ತು ಶೇ. 95ರ ಬೆಲೆಗಳನ್ನು ಗುರುತಿಸಿ. ನಿಮ್ಮ ಉತ್ತರ ಈ ಮೂರೂ ಸೇರಿ.

ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ಅದೇ ನಕ್ಷೆಯ ಮೇಲೆ ಪ್ರಯರ್ ಅನ್ನೂ ಎಳೆಯಿರಿ, ಅಂದರೆ ಅಲೆಯನ್ನು ನೋಡುವ ಮೊದಲು ನಾವು ಹಿಡಿದಿದ್ದ ಅಂದಾಜನ್ನು. ಸ್ಪಿನ್ 0ಯಿಂದ 1ರವರೆಗೆ ಎಲ್ಲವೂ ಸಮಾನ ಸಾಧ್ಯ, ದಿಕ್ಕುಗಳೂ ಸಮಾನ ಸಾಧ್ಯ ಎಂದು ಹಿಡಿಯುವುದು ರೂಢಿ. ಯಾದೃಚ್ಛಿಕವಾಗಿ ಹತ್ತು ಸಾವಿರ ಜೋಡಿ ಹುಟ್ಟಿಸಿ ಪರಿಣಾಮಿ ಸ್ಪಿನ್ ಲೆಕ್ಕ ಹಾಕಿದರೆ, ಯಾವ ಅಲೆಯನ್ನೂ ನೋಡದೆಯೇ ಹಿಸ್ಟೋಗ್ರಾಮ್ ಸೊನ್ನೆಯ ಸುತ್ತ ಗುಡ್ಡೆಯಾಗುತ್ತದೆ! ದಿಕ್ಕುಗಳು ಒಂದನ್ನೊಂದು ಹೊಡೆದುಹಾಕುವುದೇ ಇದಕ್ಕೆ ಕಾರಣ. ಈ ಗುಡ್ಡೆಗೂ ಕಡತದ ಗುಡ್ಡೆಗೂ ವ್ಯತ್ಯಾಸವಿದ್ದಷ್ಟೇ ಅಲೆ ಮಾತನಾಡಿದೆ. ಜಿಡಬ್ಲ್ಯು150914ಕ್ಕೆ ಪರಿಣಾಮಿ ಸ್ಪಿನ್‌ನಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಕಕ್ಷೆಯ ಸಮತಲದಲ್ಲಿ ಮಲಗಿದ ಸ್ಪಿನ್‌ನ ಕಂಬಸಾಲಿನಲ್ಲಿ ಎರಡೂ ಗೆರೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತವೆ. ಅಲ್ಲಿ ಅಳತೆ ಆಗಿಲ್ಲ, ನಾವು ತುಂಬಿದ್ದನ್ನೇ ನಾವು ತೆಗೆದಿದ್ದೇವೆ.

ಈಗ ಎರಡನೆಯ ಸುತ್ತಿನ ಘಟನೆಗಳು. ಜಿಡಬ್ಲ್ಯು151226ರಲ್ಲಿ ಕುಳಿಗಳು ಹಗುರ, ಸುಮಾರು 14 ಮತ್ತು 8 ಸೂರ್ಯರಷ್ಟು. ಅಲೆ ಶೋಧಕದ ವ್ಯಾಪ್ತಿಯಲ್ಲಿ ಸುಮಾರು ಒಂದು ಸೆಕೆಂಡು ಉಳಿದು 55 ಆವರ್ತ ತೋರಿಸಿತು. ಪರಿಣಾಮಿ ಸ್ಪಿನ್ 0.2ರ ಸುತ್ತ, ಸೊನ್ನೆಯಿಂದ ದೂರ. ಎರಡರಲ್ಲಿ ಒಂದು ಕುಳಿಯ ಸ್ಪಿನ್ ಆದರೂ 0.2ಕ್ಕಿಂತ ಹೆಚ್ಚು ಎಂದು ಖಚಿತವಾಗಿ ಹೇಳಲಾಯಿತು. ಯಾವುದು ಎಂದು ಹೇಳಲಾಗಲಿಲ್ಲ. ಜಿಡಬ್ಲ್ಯು190814ರಲ್ಲಿ 23 ಸೂರ್ಯರ ಕುಳಿಯೊಂದು 2.6 ಸೂರ್ಯರ ವಸ್ತುವನ್ನು ನುಂಗಿತು. ತೂಕದಲ್ಲಿ ಇಷ್ಟು ಅಂತರವಿದ್ದಾಗ ಸರಾಸರಿಯಲ್ಲಿ ದೊಡ್ಡದರದ್ದೇ ಪಾರುಪತ್ಯ, ಅಲೆಯೂ ಉದ್ದ. ಹೀಗಾಗಿ ದೊಡ್ಡ ಕುಳಿಯ ಸ್ಪಿನ್ 0.07ಕ್ಕಿಂತ ಹೆಚ್ಚಿಲ್ಲ ಎಂಬಷ್ಟು ಬಿಗಿಯಾದ ಉತ್ತರ ಸಿಕ್ಕಿತು. ಮೂರೂ ಘಟನೆಗಳ ಹಿಸ್ಟೋಗ್ರಾಮ್‌ಗಳನ್ನು ಒಂದೇ ಹಾಳೆಯಲ್ಲಿ ಇಟ್ಟರೆ, ಉದ್ದ ಅಲೆ ಮತ್ತು ಓರೆ ಅನುಪಾತ ಏಕೆ ಮುಖ್ಯವೆಂದು ವಿವರಿಸಲು ಪುಟಗಟ್ಟಲೆ ಬರೆಯಬೇಕಿಲ್ಲ.

ಬಿಲ್ಬಿಯನ್ನು ನೀವೇ ಓಡಿಸುವುದಾದರೆ

ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಈ ಹಂತ. ಬಿಲ್ಬಿ ಲಕ್ಷಾಂತರ ಮಾದರಿ ಅಲೆಗಳನ್ನು ದತ್ತಾಂಶದೊಡನೆ ಹೋಲಿಸಿ, ನೀವು ಮೇಲೆ ಓದಿದಂತಹ ಸ್ಯಾಂಪಲ್ ಕಡತವನ್ನು ಹೊಸದಾಗಿ ಹುಟ್ಟಿಸುತ್ತದೆ. ಎಲ್ಲ ಹದಿನೈದು ಚಲಕಗಳನ್ನೂ ಬಿಟ್ಟು ಓಡಿಸಿದರೆ ಪುಕ್ಕಟೆ ಕೊಲ್ಯಾಬ್ ಮುಗಿಯುವ ಮೊದಲೇ ಸಂಪರ್ಕ ಕಡಿದುಕೊಳ್ಳುತ್ತದೆ. ಆಕಾಶದ ದಿಕ್ಕು, ದೂರ ಮೊದಲಾದವನ್ನು ಪ್ರಕಟಿತ ಬೆಲೆಗಳಿಗೆ ಕಟ್ಟಿಹಾಕಿ, ತೂಕ ಮತ್ತು ಸ್ಪಿನ್‌ಗಳನ್ನು ಮಾತ್ರ ಸಡಿಲ ಬಿಡಿ. ಹೀಗೆ ಕಟ್ಟಿದ್ದರಿಂದ ಉತ್ತರದ ಅಗಲ ನಿಜಕ್ಕಿಂತ ಕಿರಿದಾಗುತ್ತದೆ. ವರದಿಯಲ್ಲಿ ಅದನ್ನು ಹೇಳಿ.

ನಿಜವಾದ ದತ್ತಾಂಶಕ್ಕೆ ಕೈಹಾಕುವ ಮೊದಲು ಒಂದು ಪರೀಕ್ಷೆ ಕಡ್ಡಾಯ. 0.6 ಸ್ಪಿನ್ ಇರುವ ಮಾದರಿ ಅಲೆಯನ್ನು ನೀವೇ ತಯಾರಿಸಿ, ಕೃತಕ ಗದ್ದಲದಲ್ಲಿ ಹೂತು, ಬಿಲ್ಬಿಗೆ ಹುಡುಕಲು ಕೊಡಿ. 0.6 ಅದರ ಉತ್ತರದ ಅಗಲದೊಳಗೆ ಬರದಿದ್ದರೆ ನಿಮ್ಮ ಏರ್ಪಾಡಿನಲ್ಲೇ ದೋಷವಿದೆ. ಇದನ್ನು ಬಿಟ್ಟು ಮುಂದೆ ಹೋದವರ ವರದಿಯನ್ನು ನಾನು ಓದುವ ಉತ್ಸಾಹ ತೋರುವುದಿಲ್ಲ.

ಮಾದರಿ ಅಲೆಯ ಆಯ್ಕೆಯೂ ಮುಖ್ಯ. ಕೆಲವು ಮಾದರಿಗಳು ಸ್ಪಿನ್ ಕಕ್ಷೆಯ ಅಕ್ಷಕ್ಕೆ ನೇರವಾಗಿಯೇ ಇದೆ ಎಂದು ಹಿಡಿಯುತ್ತವೆ. ಅವಕ್ಕೆ ಓರೆ ಸ್ಪಿನ್ ಎಂಬುದೇ ಗೊತ್ತಿಲ್ಲ, ಆದ್ದರಿಂದ ಅವುಗಳ ಫಲಿತಾಂಶದಲ್ಲಿ ಓರೆತನ ಹುಡುಕುವುದು ವ್ಯರ್ಥ. ಸಮಯವಿದ್ದರೆ ಎರಡು ಮಾದರಿಗಳಿಂದ ಓಡಿಸಿ ಹೋಲಿಸಿ. 2023ರ ನವೆಂಬರ್ 23ರ ಜಿಡಬ್ಲ್ಯು231123ರಲ್ಲಿ ಎರಡೂ ಮೂಲ ಕುಳಿಗಳ ಸ್ಪಿನ್ 0.9 ಮತ್ತು 0.8ರ ಆಸುಪಾಸು ಎಂದು ಪ್ರಕಟವಾಗಿದೆ. ಅಷ್ಟು ಬಿರುಸಿನ ಗಿರಕಿಯಲ್ಲಿ ಮಾದರಿಗಳು ಪರಸ್ಪರ ಒಪ್ಪುವುದಿಲ್ಲ ಎಂದು ತಂಡವೇ ಒತ್ತಿ ಹೇಳಿದೆ. ಸುದ್ದಿಯಲ್ಲಿ 0.9 ಮಾತ್ರ ಉಳಿಯಿತು.

ಓಲಾಟ ಕಂಡಿತೆಂದು ಸಂಭ್ರಮಿಸುವ ಮೊದಲು

ಸ್ಪಿನ್ ಕಕ್ಷೆಯ ಅಕ್ಷಕ್ಕೆ ಓರೆಯಾಗಿದ್ದರೆ, ವೇಗ ತಗ್ಗಿದ ಬುಗುರಿ ತಲೆ ತೂಗುವಂತೆ ಇಡೀ ಕಕ್ಷೆಯೇ ಓಲಾಡುತ್ತದೆ. ಅಲೆಯ ಎತ್ತರ ಆಗ ಏರಿಳಿಯುತ್ತದೆ. ಜೋಡಿ ಯಾವುದೋ ನಕ್ಷತ್ರಗುಚ್ಛದ ನೂಕುನುಗ್ಗಲಿನಲ್ಲಿ ಕೂಡಿಬಂತು ಎನ್ನಲು ಇದೊಂದು ಸುಳಿವು. ಆದ್ದರಿಂದ ಎಲ್ಲರಿಗೂ ಓಲಾಟ ಕಾಣುವ ಆಸೆ. 2020ರ ಜನವರಿ 29ರ ಜಿಡಬ್ಲ್ಯು200129ರಲ್ಲಿ ಬಲವಾದ ಓಲಾಟ ಕಂಡಿದೆ ಎಂದು 2022ರಲ್ಲಿ ಒಂದು ಗುಂಪು ಪ್ರಕಟಿಸಿತು. ಅದೇ ಹೊತ್ತಿಗೆ ಲಿವಿಂಗ್‌ಸ್ಟನ್ ಶೋಧಕದಲ್ಲಿ ಉಪಕರಣದ್ದೇ ಒಂದು ತೊಂದರೆಯ ಸದ್ದು ಅಲೆಯ ಮೇಲೆ ಕೂತಿತ್ತು. ಆ ಸದ್ದನ್ನು ಯಾವ ರೀತಿ ಕಳೆಯುತ್ತೇವೆ ಎಂಬುದರ ಮೇಲೆ ಓಲಾಟದ ಸಾಕ್ಷ್ಯವೇ ಬಲವಾಗುತ್ತದೆ ಅಥವಾ ಕರಗುತ್ತದೆ ಎಂದು ಇನ್ನೊಂದು ಗುಂಪು ತೋರಿಸಿತು. ನೀವು ಮಾಡಬೇಕಾದದ್ದು ಇಷ್ಟು: ಘಟನೆಯ ಪುಟದಲ್ಲಿ ದತ್ತಾಂಶದ ಗುಣಮಟ್ಟದ ಟಿಪ್ಪಣಿ ಓದಿ, ಜಿಡಬ್ಲ್ಯುಪೈನಲ್ಲಿ ಎರಡೂ ಶೋಧಕಗಳ ಕಾಲ-ಆವೃತ್ತಿ ಚಿತ್ರ ಬೇರೆ ಬೇರೆ ತೆಗೆಯಿರಿ, ಒಂದರಲ್ಲಿ ಮಾತ್ರ ಕಾಣುವ ಕಲೆಯನ್ನು ನಂಬಬೇಡಿ.

ವರದಿಯಲ್ಲಿ ಬರೆಯುವ ಸಾಲು

"ಸ್ಪಿನ್ 0.66" ಎಂದು ಬರೆದು ಕೆಳಗೆ ಗೆರೆ ಎಳೆಯಬೇಡಿ. ಹೀಗೆ ಬರೆಯಿರಿ: "ಜಿಡಬ್ಲ್ಯು150914ರಲ್ಲಿ ಹುಟ್ಟಿದ ಕುಳಿಯ ಸ್ಪಿನ್, ಶಿಖರದ 3 ಮಿಲಿಸೆಕೆಂಡಿನ ನಂತರದ ಅಲೆಗೆ ಒಂದೇ ಸ್ವರದ ಮಾದರಿ ಹೊಂದಿಸಿದಾಗ, ಇಷ್ಟರಿಂದ ಇಷ್ಟರವರೆಗೆ, ಆರಂಭವನ್ನು ಬದಲಿಸಿದಾಗ ಹೀಗೆ ಬದಲಾಗುತ್ತದೆ." ಸಾಲು ಉದ್ದವಾಯಿತೆಂದು ಮಾರ್ಗದರ್ಶಕರು ಗೊಣಗಿದರೆ ಗೊಣಗಲಿ. ಮುಂದೆ ಬೆಂಗಳೂರಿನ ಐಸಿಟಿಎಸ್ ಸಂಶೋಧನಾ ಕೇಂದ್ರ ನಡೆಸುವ ಗುರುತ್ವ ಅಲೆಗಳ ಬೇಸಿಗೆ ಶಾಲೆಗೆ ಅರ್ಜಿ ಹಾಕುವವರಿಗೆ ಇಂಥ ಸಾಲು ಬರೆಯುವ ರೂಢಿ ಈಗಲೇ ಆಗಿರುವುದು ಮೇಲು. ಪರಿಣಾಮಿ ಸ್ಪಿನ್‌ನ ಆರಂಭದ ಕೆಲಸದಲ್ಲಿ ಅಲ್ಲಿನ ಪಿ. ಅಜಿತ್ ಅವರ ಪಾಲಿದೆ. ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಬೆಂಗಳೂರು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೋ-ಇಂಡಿಯಾ ಶೋಧಕಕ್ಕೆ 2023ರಲ್ಲಿ 2600 ಕೋಟಿ ರೂಪಾಯಿಯ ಮಂಜೂರಾತಿ ಸಿಕ್ಕಿದೆ. ಅದು ಕೆಲಸ ಶುರು ಮಾಡುವ ಹೊತ್ತಿಗೆ ದತ್ತಾಂಶ ಓದಬಲ್ಲವರು ಬೇಕಾಗುತ್ತಾರೆ.

ಸಮಯ ಉಳಿದರೆ ಒಂದು ಹೆಚ್ಚಿನ ಲೆಕ್ಕ

ಸ್ಪಿನ್ ಗೊತ್ತಾದರೆ ಕುಳಿಯ ಅಂಚಿನ (ಅದನ್ನು ದಾಟಿ ಒಳಹೋದದ್ದು ಹೊರಬರಲಾಗದ ಗಡಿಯ) ವಿಸ್ತೀರ್ಣ ಲೆಕ್ಕ ಹಾಕಬಹುದು. ತೂಕವನ್ನು ಸೂರ್ಯರಲ್ಲಿ ಹಿಡಿದು 1.48ರಿಂದ ಗುಣಿಸಿ ವರ್ಗ ಮಾಡಿ. 8 ಪೈಯಿಂದ ಗುಣಿಸಿ. ಕೊನೆಗೆ, 1ರಿಂದ ಸ್ಪಿನ್‌ನ ವರ್ಗ ಕಳೆದು ವರ್ಗಮೂಲ ತೆಗೆದು 1 ಕೂಡಿಸಿದ ಸಂಖ್ಯೆಯಿಂದ ಗುಣಿಸಿ. ಉತ್ತರ ಚದರ ಕಿಲೋಮೀಟರಿನಲ್ಲಿ. ಸ್ಪಿನ್ ಹೆಚ್ಚಿದಷ್ಟೂ ವಿಸ್ತೀರ್ಣ ಕುಗ್ಗುತ್ತದೆ. ಜಿಡಬ್ಲ್ಯು250114ರ ಮೂಲ ಕುಳಿಗಳು 33.6 ಮತ್ತು 32.2 ಸೂರ್ಯರು, ಸ್ಪಿನ್‌ಗಳು ಚಿಕ್ಕವಾದ್ದರಿಂದ ಸೊನ್ನೆ ಎಂದೇ ಹಾಕಿ. ಎರಡರ ವಿಸ್ತೀರ್ಣ ಸೇರಿ 2,40,000ದ ಹತ್ತಿರ ಬರುತ್ತದೆ. ಹೊಸ ಕುಳಿಗೆ 62.7 ಮತ್ತು 0.68 ಹಾಕಿದರೆ 3,75,000 ಸಮೀಪ. ಕಪ್ಪುಕುಳಿಗಳ ಒಟ್ಟು ವಿಸ್ತೀರ್ಣ ಎಂದೂ ಕಡಿಮೆಯಾಗದು ಎಂದು ಸ್ಟೀಫನ್ ಹಾಕಿಂಗ್ 1971ರಲ್ಲಿ ಹೇಳಿದ್ದರು. ಹೊಸ ಕುಳಿಯ ತೂಕವನ್ನು ಹಾಗೆಯೇ ಇಟ್ಟು, ಸ್ಪಿನ್ ಮಾತ್ರ 0.99 ಎಂದು ಬದಲಿಸಿ ಅವರ ಮಾತು ಆಗಲೂ ನಿಲ್ಲುತ್ತದೆಯೇ ನೋಡಿ.